ಗೋಡೆಗೊರಗಿದ ಮಾವನವರು

ಕನ್ನಡನಾಡಿನ ಚಿತ್ರಕಲೆಯನ್ನು ನಾನೇ ಕೈಹಿಡಿದು ಮೇಲೆತ್ತಬೇಕೆಂದು ತೀರ್ಮಾನಿಸಿದ್ದು ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. ನನಗಿಂತ ಮುಂಚೆ ಬೇರೆ ಯಾರಾದರೂ ಎತ್ತಿಬಿಟ್ಟಾರೆಂಬ ಸಣ್ಣ ಆತಂಕವಿತ್ತು, ನಿಜ. ಆದರೆ ರಾಯಚೂರಿನ ಆ ಬಿಸಿಲಿನಲ್ಲಿ ಯಾರೂ ಏನನ್ನೂ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಹೀಗಾಗಿ ಆ ಐತಿಹಾಸಿಕ ಭಾರ ಸಹಜವಾಗಿಯೇ ನನ್ನ ಹೆಗಲೇರಿತು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವ ಮನುಷ್ಯ. ನಮ್ಮ ವಂಶದಲ್ಲಿ ಎಂ.ಎ. ಎಂಬೆರಡು ಅಕ್ಷರಗಳನ್ನು ಹೆಸರಿನ ಬಾಲಕ್ಕೆ ಕಟ್ಟಿಕೊಂಡ ಮೊದಲಿಗ. ಕಾವ್ಯಮೀಮಾಂಸೆಯನ್ನು ಅರೆದು ಕುಡಿದವನಿಗೆ ಕುಂಚ ಹಿಡಿಯಲು ಇನ್ನೇನು ಬೇಕು? ರಸ ಗೊತ್ತಿತ್ತು, ಧ್ವನಿ ಗೊತ್ತಿತ್ತು. ಬಣ್ಣ ಬಳಿಯುವುದೊಂದು ಬಾಕಿ ಉಳಿದಿತ್ತು, ಅಷ್ಟೆ! ಹೈದರಾಬಾದಿನಿಂದ ತೈಲವರ್ಣದ ಟ್ಯೂಬುಗಳು ಬಂದವು, ಟರ್ಪೆಂಟೈನ್ ಬಂದಿತು. ಅಗಸೆ ಎಣ್ಣೆ ಊರಿನಲ್ಲೇ ಸಿಕ್ಕಿತು. ಮೂರೂ ಬೆರೆತ ವಾಸನೆ ಮನೆಯನ್ನು ತುಂಬಿದ ದಿನ ಪಕ್ಕದ ಮನೆಯ ಮಹಬೂಬೀ ಅದನ್ನು ನೋವಿನೆಣ್ಣೆಯ ವಾಸನೆಯೆಂದುಕೊಂಡು ಬಾಗಿಲಲ್ಲಿ ನಿಂತು, "ಯಾರಿಗೆ ಕಾಲು ಮುರಿದಾದ್ರೀ?" ಎಂದು ಕನಿಕರದಿಂದ ವಿಚಾರಿಸಿಕೊಂಡು ಹೋದಳು.

ಆರಂಭ ಬದನೆಕಾಯಿಯಿಂದ ಆಯಿತು. ಒಂದು ತಟ್ಟೆಯಲ್ಲಿ ನಾಲ್ಕಾರು ಬದನೆಕಾಯಿ ಜೋಡಿಸಿಟ್ಟು, ಅವುಗಳ ನೇರಳೆಯ ಅಂತರಂಗವನ್ನು ಶೋಧಿಸುತ್ತ ನಾನು ಕುಳಿತಿದ್ದೆ. ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿ ಅಮರಮ್ಮ ಆ ಅಂತರಂಗಕ್ಕೆ ಶೇಂಗಾಪುಡಿ ತುಂಬಿ ಒಲೆಯ ಮೇಲಿಟ್ಟಿದ್ದಳು. ಚಿತ್ರ ಅಪೂರ್ಣವಾಯಿತು. ಎಣ್ಣೆಗಾಯಿ ಮಾತ್ರ ಪರಿಪೂರ್ಣವಾಗಿತ್ತು.

ಎರಡನೆಯ ರೊಟ್ಟಿಯ ಹೊತ್ತಿಗೆ ನಾನು ಘೋಷಿಸಿದೆ:

"ಅಮರಾ, ಇವತ್ತಿಂದ ನಾ ಮನಶ್ಯಾರ ಚಿತ್ರ ತಗೀತೀನಿ."

"ಹಂಗಾದ್ರ ಬದ್ನಿಕಾಯಿ ಪಾರಾದ್ವು ಅನ್ರಿ."

"ಇದು ನಗೂ ಮಾತಲ್ಲ. ಮನಶ್ಯಾನ ಆಕೃತಿ ಅಂದ್ರ ಕಲೆಯ ಶಿಖರ!"

"ಶಿಖರ ಹತ್ತೂ ಮುಂದ ಧೋತ್ರ ಬಿಗಿ ಕಟ್ಕೋರಿ. ಮೊನ್ನೆ ಅದಕ್ಕ ಹಸರು ಬಣ್ಣ ಹತ್ಸೀರಿ, ಸೋಡಾ ಹಾಕಿ ಕುದಿಸಿದ್ರೂ ಹೋಗವಲ್ದು."

ಮೊದಲು ಕನ್ನಡಿಯೆದುರು ಕುಳಿತು ನನ್ನನ್ನೇ ಬರೆದುಕೊಂಡೆ. ಮಹಬೂಬೀ ನೋಡಿ, "ನಿಮ್ಮ ತಮ್ಮನ ಚಿತ್ರ ಏನ್ರೀ? ಪಾಪ, ನಿಮ್ಮಂಗ ಇಲ್ಲ, ಸ್ವಲ್ಪ ಶಾಣ್ಯಾ ಕಾಣ್ತಾನ" ಎಂದಳು. ಆ ಚಿತ್ರ ಅಟ್ಟ ಸೇರಿತು. ಅನಂತರ ಅಮರಮ್ಮನನ್ನು ಬೇಡಿ, ಕಾಡಿ, ಮೊಳ ಮಲ್ಲಿಗೆ ತಂದುಕೊಟ್ಟು ಕುರ್ಚಿಯ ಮೇಲೆ ಕೂಡಿಸಿದೆ. ಕುಕ್ಕರು ಕೂಗಿದರೆ ಏಳುವಳು, ಹಾಲಿನವನು ಕೂಗಿದರೆ ಏಳುವಳು, ಯಾರೂ ಕೂಗದಿದ್ದರೆ ಯಾಕೆ ಯಾರೂ ಕೂಗಲಿಲ್ಲವೆಂದು ನೋಡಲು ಏಳುವಳು! ಮುಗಿದ ಮೇಲೆ ಅವಳು ಚಿತ್ರದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನಗ ಮೂರು ಕೈ ಯಾಕ್ರೀ?"

"ಒಂದು ನೀ ಸಾರಿಗೆ ಉಪ್ಪು ಹಾಕಾಕ ಎದ್ದಾಗಿಂದು."

"ಹಂಗಾದ್ರ ಅದರಾಗ ಸೌಟರ ಕೊಡ್ರಿ, ಖಾಲಿ ಯಾಕ ಬಿಟ್ಟೀರಿ?"

ಅಲುಗಾಡದ ಮನುಷ್ಯನೊಬ್ಬ ಬೇಕು! ಕಲೆಗಾಗಿ ಕಲ್ಲಾಗಬಲ್ಲವನು ಬೇಕು! ಹೀಗೆ ನಾನು ತಹತಹಿಸುತ್ತಿದ್ದಾಗ ದೇವದುರ್ಗದ ಬಸ್ಸಿನಿಂದ ನಮ್ಮ ಮಾವನವರು ಇಳಿದರು.

ಮಾವ ಉರುಕುಂದಪ್ಪನವರು ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದವರು. ಜಿಲ್ಲೆಯ ಅರ್ಧ ರಸ್ತೆ ಅವರ ಕಣ್ಣೆದುರೇ ಜಲ್ಲಿ ಕಂಡದ್ದು. ಎದೆ ಬಂಡೆಯಂಥದು, ಮೀಸೆಯೋ, ಎರಡೂ ಕಡೆಗೆ ಒಬ್ಬೊಬ್ಬ ಗ್ಯಾಂಗ್‌ಮನ್ ಹಿಡಿದು ನಿಲ್ಲಬೇಕು, ಅಂಥದು. ಅವರು ಬಂದದ್ದು ತಮ್ಮ ಕಿರಿಯ ಮಗಳು ಶೇಖಮ್ಮನ ಮದುವೆಯ ಮಾತಿಗೆ. ಶೇಖಮ್ಮ ಟೀಚರ್ ಟ್ರೇನಿಂಗ್ ಮುಗಿಸಿದ್ದಳು. ಮಾನ್ವಿಯ ಹುಸೇನಪ್ಪನವರ ಮಗ ಅಲ್ಲಿಯೇ ಶಾಲಾ ಮಾಸ್ತರ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಒಪ್ಪಲು ವರ್ಷವಿಡೀ ನಮ್ಮ ಬೆವರಿಳಿಸಿದವರು ಹುಸೇನಪ್ಪನವರೊಬ್ಬರೇ. ಬೆಕ್ಕು ಅಡ್ಡ ಹೋದರೆ ಬಸ್ಸಿನಿಂದ ಇಳಿಯುವ ಮನುಷ್ಯ ಅವರು. ಹಲ್ಲಿ, ಸೀನು, ಖಾಲಿ ಕೊಡ ಎಲ್ಲ ಬಗೆಹರಿದು, ಬರುವ ಸೋಮವಾರ ದೇವದುರ್ಗದಲ್ಲಿ ನಿಶ್ಚಿತಾರ್ಥವೆಂದು ಅಂತೂ ತೀರ್ಮಾನವಾಗಿತ್ತು.

"ಅಳಿಯಾರ, ಈ ಸೋಮವಾರ ತಪ್ಪಿದ್ರ ಆ ಮನಶ್ಯಾ ಮತ್ತ ಕೈಗೆ ಸಿಗೂದಿಲ್ಲ" ಎಂದರು ಮಾವ. "ಆಕಿನೂ ಹುಡುಗನ ಮ್ಯಾಲ ಮನಸ್ಸು ಇಟ್ಟಾಳ. ಏನೂ ಹೆಚ್ಚುಕಮ್ಮಿ ಆಗಬಾರ್ದು."

"ಏನಾಗ್ತದ್ರಿ ಮಾವಾರ? ನಾ ಇದ್ದೀನಲ್ಲ!" ಎಂದೆ. ಆ ಮಾತನ್ನು ನಾನು ಹೇಳಬಾರದಿತ್ತು.

ಮರುದಿನ ಅವರಿಗೆ ನನ್ನ ಕಲಾಸಂಕಲ್ಪವನ್ನು ವಿವರಿಸಿದೆ.

"ನಾ ಏನ್ ಮಾಡಬೇಕು?"

"ಏನೂ ಮಾಡಬಾರ್ದ್ರಿ. ಸುಮ್ನ ಕುಂದರಬೇಕು."

"ಏನೂ ಮಾಡಬಾರ್ದು?" ಮಾವನವರ ಕಣ್ಣಿನಲ್ಲಿ ಬೆಳಕು ಮೂಡಿತು. "ಅಂಥಾ ಕೆಲಸ ನನಗ ಇಲಾಖೆಯವ್ರೂ ಕೊಟ್ಟಿದ್ದಿಲ್ಲ ನೋಡ್ರಿ!"

ಹೊಸ ರುಮಾಲು ಸುತ್ತಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಕುಳಿತರು. ನಾನು ಇದ್ದಿಲಿನಿಂದ ಮೊದಲ ಗೆರೆ ಎಳೆಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಎಂಥ ನಿದ್ದೆ! ಒಂದು ರೆಪ್ಪೆ ಅದುರಲಿಲ್ಲ, ಒಂದು ಮೀಸೆ ಅಲುಗಲಿಲ್ಲ. ಚಿತ್ರಕಾರನೊಬ್ಬ ಜನ್ಮಾಂತರಗಳ ಪುಣ್ಯದಿಂದ ಮಾತ್ರ ಪಡೆಯಬಹುದಾದ ಮಾದರಿ! ನಾನು ಆವೇಶ ಬಂದವನಂತೆ ಬರೆದೆ. ಅವರು ಇದ್ದಷ್ಟು ದಿನವೂ ಊಟವಾದೊಡನೆ ಕುಳಿತರು, ಕುಳಿತೊಡನೆ ಮಲಗಿದರು.

ನಡುವೆ ಕೆಂಪು ಬಣ್ಣದ ಟ್ಯೂಬು ಬರಿದಾಯಿತು. ಅಂಥ ಸಣ್ಣ ಅಡ್ಡಿಗಳಿಂದ ಕುಗ್ಗುವವನು ನಾನಲ್ಲ. ಕೆಂಪು ಎಂಬುದು ರಮ್ಯ ಮನೋಧರ್ಮದ ಉಳಿಕೆ. ನವ್ಯ ಸಂವೇದನೆಗೆ ತಣ್ಣನೆಯ ವರ್ಣಗಳೇ ತಕ್ಕವು ಎಂದು ಕೂಡಲೇ ಸಿದ್ಧಾಂತವೊಂದನ್ನು ರೂಪಿಸಿ, ಮುಖಕ್ಕೆ ತಿಳಿನೀಲಿ, ಕೆನ್ನೆಗೆ ಬೂದು, ತುಟಿಗೆ ಹಸಿರು ಬಳಿದೆ. 'ಶ್ರಮಜೀವಿ' ಎಂದು ಹೆಸರಿಟ್ಟೆ.

ಅಮರಮ್ಮ ಬಂದು ನೋಡಿ ಸುಮ್ಮನೆ ನಿಂತಳು. ಅವಳು ಸುಮ್ಮನೆ ನಿಲ್ಲುವುದು ಲೋಕದಲ್ಲಿ ಅಪರೂಪದ ಸಂಗತಿ.

"ರೀ, ಯಾಕೋ ಎದಿ ಝಲ್ ಅಂತದ."

"ಅದನ್ನ ಅಮರಾ, ರಸಾನುಭವ ಅಂತಾರ!"

"ಅಪ್ಪನ ಕಣ್ಣಾದ್ರೂ ತೆರಸ್ರಿ."

"ಅವ್ರು ಮುಚ್ಯಾರ, ನಾ ಹ್ಯಾಂಗ ತೆರೀಲಿ? ಕಲೆಯಾಗ ಸುಳ್ಳು ನಡಿಯೂದಿಲ್ಲ."

ಅವಳು ನಿಟ್ಟುಸಿರಿಟ್ಟು, ನಿಶ್ಚಿತಾರ್ಥದ ಸಿದ್ಧತೆಗೆಂದು ತಂದೆಯೊಡನೆ ದೇವದುರ್ಗಕ್ಕೆ ಹೊರಟುಹೋದಳು.

ಇನ್ನು ಉಳಿದದ್ದು ಪ್ರದರ್ಶನ. ಮಾನ್ವಿಯ ವಲಿ ಪಾಷಾ ನನಗೆ ಹಳೆಯ ಪರಿಚಯ. ಬಸ್ ಸ್ಟ್ಯಾಂಡಿನ ಎದುರು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಅವನದು. ಅಪ್ಪಟ ಕಲಾರಸಿಕ. "ಪ್ರೊಫೆಸರ್ ಸಾಬ್, ರಾಯಚೂರಿನಾಗ ಯಾರು ನೋಡ್ತಾರ? ನಮ್ಮ ಮಾನ್ವಿಗೆ ಕಳಸ್ರಿ. ಸಾಲಿ ಹಾಲ್ ನಾ ಹಿಡಸ್ತೀನಿ, ಫ್ರೇಮ್ ನಂದು, ಲೈಟಿಂಗ್ ನಂದು. ಎಲ್ಲಾ ಜವಾಬ್ದಾರಿ ನಂದು!" ಎಂದಿದ್ದ. ಹೇಗಿದ್ದರೂ ಸೋಮವಾರ ದೇವದುರ್ಗ. ಭಾನುವಾರ ಮಾನ್ವಿಯಲ್ಲಿ ಪ್ರದರ್ಶನ ತೆರೆದು, ಕೀರ್ತಿವಂತನಾಗಿಯೇ ಬೀಗರೆದುರು ನಿಂತರೆ ಶೋಭೆಯಲ್ಲವೇ! ಚಿತ್ರವನ್ನು ಮುಂಚಿತವಾಗಿಯೇ ಬಸ್ಸಿನ ಮೇಲೇರಿಸಿ ಕಳಿಸಿಬಿಟ್ಟೆ.

ಭಾನುವಾರ ನಾನು ಹತ್ತಿದ ಬಸ್ಸು ನಡುದಾರಿಯಲ್ಲಿ ಟೈರು ಸಿಡಿಸಿಕೊಂಡು ಕುಳಿತಿತು. ಮಾನ್ವಿ ಮುಟ್ಟುವಾಗ ಮಧ್ಯಾಹ್ನ. ಶಾಲೆಯ ಬಳಿ ಬಂದವನು ಕಂಡ ದೃಶ್ಯವನ್ನು ಹೇಗೆ ಬಣ್ಣಿಸಲಿ! ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಜನ ಬರಿಗಾಲಿನಲ್ಲಿ, ತಲೆತಗ್ಗಿಸಿ, ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಾರೆ. ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದಾರೆ. ಒಬ್ಬ ಮುದುಕಿ ಕಂಬ ಹಿಡಿದು ಬಿಕ್ಕುತ್ತಿದ್ದಾಳೆ! ಕಾಲೇಜಿನಲ್ಲಿ ಕರುಣರಸ ಪಾಠ ಮಾಡುವಾಗ ಹಿಂದಿನ ಬೆಂಚಿನವರು ನಿದ್ದೆ ಹೋಗುತ್ತಿದ್ದುದು ನೆನಪಾಯಿತು. ಇಲ್ಲಿ ಒಂದು ಚಿತ್ರ, ಒಂದೇ ಒಂದು ಚಿತ್ರ, ಇಡೀ ತಾಲ್ಲೂಕನ್ನು ಕರಗಿಸಿಬಿಟ್ಟಿದೆ!

"ಬರ್ರಿ ಬರ್ರಿ ಪ್ರೊಫೆಸರ್ ಸಾಬ್!" ವಲಿ ಪಾಷಾ ಓಡಿಬಂದು ಕೈಹಿಡಿದ. "ಏಕ್‌ದಂ ಸೂಪರ್! ಮುಂಜಾನಿಂದ ಜನ ಅಳಾಕತ್ತಾರ. ನಿಮ್ಮ ಬೀಗರು ಹುಸೇನಪ್ಪನವರೂ ಬಂದಿದ್ರು. ನೋಡ್ದಾವ್ರೇ ಎದಿ ಎದಿ ಬಡ್ಕೊಂಡ್ರು, ಸಾಬ್! ಅವ್ರು ಇಷ್ಟು ಕಲಾಪ್ರೇಮಿ ಅಂತ ನನಗ ಗೊತ್ತೇ ಇದ್ದಿಲ್ಲ. ಒಂದು ಮಾತು ಆಡಲಿಲ್ಲ, ಮನಿ ಮಂದಿನೆಲ್ಲಾ ಲಾರಿ ಹತ್ತಿಸಿಕೊಂಡು ಹೋದ್ರು."

"ಲಾರಿ? ಎಲ್ಲಿಗೆ?"

"ದೇವದುರ್ಗಕ್ಕ."

ಏಕೋ ನನಗೂ ಎದೆ ಝಲ್ಲೆಂದಿತು. ಒಳಗೆ ಧಾವಿಸಿದೆ.

ಎದುರಿನ ಗೋಡೆಯ ಮೇಲೆ ಕಪ್ಪು ಚೌಕಟ್ಟಿನೊಳಗೆ ನಮ್ಮ ಮಾವನವರು ಕುಳಿತಿದ್ದರು. ಕೊರಳಲ್ಲಿ ಗಂಧದ ಚಕ್ಕೆಯ ಹಾರ. ತಲೆಯ ಮೇಲೆ ಮಿಣಮಿಣ ಉರಿಯುವ ಕೆಂಪು ಝೀರೋ ಬಲ್ಬು. ಮುಂದೆ ಊದುಬತ್ತಿ.

"ಪಾಷಾ! ಹಾರ ಯಾಕ ಹಾಕಿದಿ?"

"ಹಾರ ಇಲ್ಲದಂಗ ಫ್ರೇಮ್ ಹ್ಯಾಂಗ ಕೊಡ್ಲಿ ಸಾಬ್? ನಮ್ಮ ಅಂಗಡ್ಯಾಗ ಮನಶ್ಯಾನ ಚಿತ್ರಕ್ಕ ಹಾರ, ಬಲ್ಬು ಎರಡೂ ಫ್ರೀ. ಅಪ್ಪನ ಕಾಲದಿಂದ ಪದ್ಧತಿ ಅದು. ಊದಿನಕಡ್ಡಿ ಮಾತ್ರ ಜನಾನ ತಂದು ಹಚ್ಯಾರ."

ಅವನ ತಪ್ಪೇನು? ಮಾನ್ವಿಯಲ್ಲಿ ಮನುಷ್ಯನ ಚಿತ್ರಕ್ಕೆ ಯಾರಾದರೂ ಚೌಕಟ್ಟು ಹಾಕಿಸುವುದು ಆ ಮನುಷ್ಯ ತೀರಿಕೊಂಡ ಮೇಲೆಯೇ. ಆದರೆ ಚಿತ್ರದಲ್ಲಿದ್ದ ಭಂಗಿ ನನ್ನದು! ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ಹೊಸ ರುಮಾಲು ಸುತ್ತಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೊರಗಿಸಿ ಕೂಡಿಸುತ್ತಾರೆ. ಕೈಗಳನ್ನು ಮೊಣಕಾಲಿನ ಮೇಲೆ ಇರಿಸುತ್ತಾರೆ. ಫೋಟೋದವನನ್ನು ಕರೆಸುವುದು ಆಗ. ಎಷ್ಟೋ ಹಿರಿಯರ ಜೀವಮಾನದ ಏಕೈಕ ಫೋಟೋ ಅದು. ತೆಗೆಯುವಾಗ ಅವರಿರುವುದಿಲ್ಲ, ಅಷ್ಟೆ. ಬಾಲ್ಯದಿಂದ ಎಷ್ಟೊಂದು ಮನೆಗಳಲ್ಲಿ ಕಂಡಿದ್ದ ಆ ಭಂಗಿಯನ್ನು ಎಂ.ಎ. ಓದುವ ಭರದಲ್ಲಿ ನಾನು ಮರೆತೇಬಿಟ್ಟಿದ್ದೆ! ಮುಚ್ಚಿದ ಕಣ್ಣು, ನೀಲಿ ಮುಖ, ಹಸಿರು ತುಟಿ... ನನ್ನ ನವ್ಯ ಸಂವೇದನೆ ಮಾವನವರನ್ನು ಅಚ್ಚುಕಟ್ಟಾಗಿ ಮುಗಿಸಿತ್ತು.

ಮನೆಯಲ್ಲಿ ಸಾವಾದರೆ ವರ್ಷ ಕಳೆಯುವವರೆಗೆ ಮದುವೆಯಿಲ್ಲ. ಹುಸೇನಪ್ಪನವರು ವರ್ಷ ಕಾಯುವ ಆಸಾಮಿಯಲ್ಲ. ಶೇಖಮ್ಮನ ಸೋಮವಾರ ಲಾರಿ ಹತ್ತಿ ಹೊರಟಿತ್ತು!

"ಪಾಷಾ, ಗಾಡಿ ತಗೀ!"

ಅವನ ರಾಜದೂತ್ ಮೋಟರ್ ಸೈಕಲ್ಲಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಮಾವನವರು. ಚಿತ್ರವನ್ನು ಅಲ್ಲಿಯೇ ಬಿಟ್ಟರೆ ಇನ್ನೆಷ್ಟು ಲಾರಿಗಳು ಹೊರಡುತ್ತವೋ ಎಂಬ ಮುಂದಾಲೋಚನೆ ನನ್ನದು. ತೈಲವರ್ಣ ಒಣಗಲು ವಾರಗಳೇ ಬೇಕು. ಅಂಗಿಗೆ ಹತ್ತದಿರಲೆಂದು ಬಣ್ಣದ ಮುಖವನ್ನು ಹೊರಗೆ ಮಾಡಿ ಹಿಡಿದೆ. ಹಾರವನ್ನು ಕಿತ್ತೆಸೆಯೋಣವೆಂದರೆ ಪಾಷಾ ಅದನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂಡಿಸಿದ್ದ. ಕೆಲಸ ಗಟ್ಟಿ!

ಹೀಗೆ ಹಾರ ತೊಟ್ಟ ಮಾವನವರು ಲೋಕಕ್ಕೆ ಮುಖ ಮಾಡಿ, ತಾವೇ ಹಾಕಿಸಿದ ರಸ್ತೆಯ ಮೇಲೆ ಅಂತಿಮಯಾತ್ರೆ ಹೊರಟರು. ದಾರಿಯುದ್ದಕ್ಕೂ ಎತ್ತಿನ ಗಾಡಿಗಳು ಪಕ್ಕಕ್ಕೆ ಸರಿದವು. ಗದ್ದೆಯ ಕೆಲಸದವರು ಎದ್ದು ನಿಂತು ಕೈಮುಗಿದರು. ಸಿರವಾರದಲ್ಲಿಯಂತೂ ಚಹದಂಗಡಿಯ ಬೆಂಚುಗಳು ಖಾಲಿಯಾದವು. ಅಲ್ಲಿದ್ದವರು ಮಾವನವರ ಹಳೆಯ ಗ್ಯಾಂಗಿನವರು!

"ಅಯ್ಯೋ, ನಮ್ಮ ಮೇಸ್ತ್ರಿ! ಯಾವಾಗ ಆತ್ರೀ?"

"ಸತ್ತಿಲ್ಲ! ಅವ್ರು ಸತ್ತಿಲ್ಲ!" ಎಂದು ನಾನು ಕಿರಿಚಿದೆ.

"ಪಾಪ" ಎಂದನೊಬ್ಬ ಮುದುಕ, ನನ್ನತ್ತ ನೋಡಿ. "ಅಳಿಯಗ ತಲಿ ಕೆಟ್ಟದ. ಭಾಳ ಹಚ್ಕೊಂಡಿದ್ದ ಕಾಣ್ತದ."

ಹಿಂದಿರುಗಿ ನೋಡಿದರೆ ನಮ್ಮ ಹಿಂದೆ ಒಂದು ಟ್ರ್ಯಾಕ್ಟರು, ಅದರ ಟ್ರೇಲರಿನ ತುಂಬ ಇಡೀ ಗ್ಯಾಂಗು. ನಾವು ವೇಗ ಹೆಚ್ಚಿಸಿದರೆ ಅವರೂ ಹೆಚ್ಚಿಸಿದರು. ಮೇಸ್ತ್ರಿಯನ್ನು ಅಷ್ಟು ಅವಸರದಲ್ಲಿ ಕಳಿಸಿಕೊಡಲು ಅವರು ಸಿದ್ಧರಿರಲಿಲ್ಲ.

ದೇವದುರ್ಗದಲ್ಲಿ ಮಾವನವರ ಓಣಿಗೆ ತಿರುಗಿದಾಗಲೇ ಗೋಳಾಟ ಕೇಳಿಸಿತು. ಲಾರಿ ನಮಗಿಂತ ಮೊದಲೇ ಮುಟ್ಟಿತ್ತು! ಆದರೆ ಅಲ್ಲಿನ ಸ್ಥಿತಿ ನಾನು ಊಹಿಸಿದ್ದಕ್ಕಿಂತ ವಿಚಿತ್ರವಾಗಿತ್ತು. ನಮ್ಮ ಕಡೆಯ ಸಂಪ್ರದಾಯ ಬಲ್ಲವರಿಗೆ ಇದು ತಿಳಿದೀತು: ಬೀಗರ ಹೆಂಗಸರು ಬಾಗಿಲಲ್ಲಿಯೇ ದನಿ ತೆಗೆದು ಅಳುತ್ತ ಬಂದರೆ, ಮನೆಯವರು ಎದ್ದು ತಬ್ಬಿಕೊಂಡು ತಾವೂ ದನಿಗೂಡಿಸಬೇಕು. ಯಾರು ಸತ್ತರೆಂದು ನಿಂತು ವಿಚಾರಿಸುವುದು ಮಹಾ ಅಪಚಾರ! ಹುಸೇನಪ್ಪನವರ ಹೆಂಡತಿ ಗೋಪಮ್ಮ ಕೂಗುತ್ತ ಇಳಿದರು. ನಮ್ಮತ್ತೆ, ಬೀಗರ ಮನೆಯಲ್ಲೇ ಯಾರೋ ಹೋಗಿದ್ದಾರೆಂದು ತಿಳಿದು, ಅವರ ಕೊರಳಿಗೆ ಬಿದ್ದು ಅದಕ್ಕಿಂತ ಜೋರಾಗಿ ಕೂಗಿದರು.

"ಯವ್ವಾ, ಹ್ಯಾಂಗ ತಡ್ಕೊಂಡಿ?"

"ನೀ ಹ್ಯಾಂಗ ತಡ್ಕೊಂಡಿ ನನ್ನವ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ಸಂತೈಸುತ್ತಿದ್ದರು. ಬೀಗರು ತಂದ ರೊಟ್ಟಿಬುತ್ತಿಯ ಗಂಟುಗಳು ಕಟ್ಟೆಯ ಮೇಲೆ ಸಾಲಾಗಿದ್ದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ! ಹುಸೇನಪ್ಪನವರು ಜಗುಲಿಯಲ್ಲಿ ಯಾರೋ ಒಬ್ಬರ ಹೆಗಲಿಗೆ ಹಣೆಯಿಟ್ಟು ಅಳುತ್ತಿದ್ದರು: "ಎಂಥಾ ಮನಶ್ಯಾ! ಎಂಥಾ ದೊಡ್ಡ ಮನಶ್ಯಾ!" ತಲೆಯ ಮೇಲಿಂದ ಟವೆಲು ಎಳೆದುಕೊಂಡಿದ್ದ ಆ ವ್ಯಕ್ತಿಯೂ ಬಿಕ್ಕುತ್ತಿತ್ತು: "ಹೌದ್ರಿ ಬೀಗರ, ಅಂಥಾವ್ರು ಇನ್ನ ಹುಟ್ಟಂಗಿಲ್ಲ!"

ಆ ಧ್ವನಿ ನಮ್ಮ ಮಾವನವರದು. ಯಾರಿಗಾಗಿ ಎಂದು ತಿಳಿಯದೆಯೇ ಅವರು ತಮಗಾಗಿಯೇ ಕಣ್ಣೀರು ಸುರಿಸುತ್ತಿದ್ದರು!

ಅಷ್ಟರಲ್ಲಿ ಟ್ರ್ಯಾಕ್ಟರು ಬಂದು ನಿಂತಿತು. ಗ್ಯಾಂಗಿನವರೆಲ್ಲ ಒಕ್ಕೊರಲಿನಿಂದ, "ಉರುಕುಂದಪ್ಪ ಮೇಸ್ತ್ರೀ! ನಮ್ಮನ್ನ ಬಿಟ್ಟು ಹೋದ್ಯಾ!" ಎಂದು ಆಕಾಶ ಹರಿಯುವಂತೆ ಕೂಗಿದರು.

ಮಾವನವರು ಟವೆಲು ಸರಿಸಿದರು. "ಎಲ್ಲಿಗೆ ಹೋಗ್ಯೀನಲೇ? ಇಲ್ಲೇ ಇದ್ದೀನಲ್ಲ!"

ಹುಸೇನಪ್ಪನವರು ತಾವು ಆತುಕೊಂಡಿದ್ದ ಹೆಗಲನ್ನು ನೋಡಿದರು, ಹೆಗಲಿನ ಮೇಲಿದ್ದ ಮುಖವನ್ನು ನೋಡಿದರು, ಒಂದೇ ಜಿಗಿತಕ್ಕೆ ಜಗುಲಿಯಿಂದ ಕೆಳಗಿದ್ದರು. ಗೋಪಮ್ಮನವರು ನೆಲಕ್ಕೆ ಕುಸಿದರು. ಆಗ ಎಲ್ಲರ ಕಣ್ಣೂ, ಹಾರ ಹಾಕಿದ ಮಾವನವರನ್ನು ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೆ ನೆಟ್ಟವು.

"ಇದು ಕಲೆ..." ಎಂದು ಆರಂಭಿಸಿದೆ. "ನವ್ಯ ಸಂವೇದನೆಯ..."

"ಬಾಯಿ ಮುಚ್ರಿ" ಎಂದಳು ಅಮರಮ್ಮ, ಹಲ್ಲುಗಳ ಮಧ್ಯದಿಂದ.

ಹುಸೇನಪ್ಪನವರಿಗೆ ಉಸಿರು ತಿರುಗಿತು, ತಿರುಗಿದೊಡನೆ ಕಿಡಿಯಾದರು. "ಬದುಕಿದ್ದ ಮನಶ್ಯಾಗ ಹಾರ ಹಾಕಿ ನಮ್ಮೂರ ಸಾಲ್ಯಾಗ ಮೆರಸ್ತಾರಲ್ಲ, ಇದು ಮನೀನೋ, ಮಸಣೋ? ನಿಶ್ಚಯದ ಹಿಂದಿನ ದಿನ ಸಾವಿನ ಮಾರಿ ನೋಡ್ದಂಗಾತು! ಇದಕ್ಕಿಂತ ದೊಡ್ಡ ಅಪಶಕುನ ಇನ್ನೇನದ? ಈ ಸಂಬಂಧ ನಮಗ ಬ್ಯಾಡ. ಗೋಪೀ, ಏಳು! ಬುತ್ತಿ ಲಾರ್ಯಾಗ ಇಡು!"

ಒಳಬಾಗಿಲಿನ ಹಿಂದೆ ಶೇಖಮ್ಮನ ಬಳೆಗಳು ಒಮ್ಮೆ ಸದ್ದಾಗಿ ನಿಂತವು. ಜಗತ್ತಿನ ಯಾವ ಸೌಂದರ್ಯಶಾಸ್ತ್ರವೂ ಆ ಹುಡುಗಿಗೆ ಒಬ್ಬ ಗಂಡನನ್ನು ದೊರಕಿಸಿಕೊಡಲಾರದು!

ಮಾವನವರು ನನ್ನನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದರು. ಗುಡ್ಡಗಳನ್ನು ಕಡಿದು ರಸ್ತೆ ತೆಗೆದ ಮನುಷ್ಯ. ಹಣೆಯ ಮೇಲೊಂದು ಗೆರೆ ಮೂಡಿ ಮಾಯವಾಯಿತು. ಮೆಲ್ಲಗೆ ರುಮಾಲು ಬಿಚ್ಚಿ, ಬೋಳುತಲೆಯನ್ನು ಬಾಗಿಸಿದರು.

"ಬೀಗರ, ಸಿಟ್ಟಾಗಬ್ಯಾಡ್ರಿ. ಇಲ್ಲಿ ನೋಡ್ರಿ. ಇಲ್ಲಿ ಕಾಗಿ ಮುಟ್ಟಿತ್ರಿ."

ಅಂಗಳದ ತುಂಬ 'ಹಾ!' ಎಂಬ ಉದ್ಗಾರ. ಕಾಗೆ ತಲೆಗೆ ತಾಗಿದರೆ ಕಂಟಕವೆಂದೂ, ಆ ಮನುಷ್ಯ ಸತ್ತನೆಂದು ಸುಳ್ಳು ಸುದ್ದಿ ಹಬ್ಬಿಸಿ ನಂಟರಿಂದ ನಿಜವಾದ ಕಣ್ಣೀರು ಹಾಕಿಸಿದರೆ ಮಾತ್ರ ಅದು ಕಳೆಯುತ್ತದೆಂದೂ ನಮ್ಮ ಕಡೆ ನಂಬುವುದುಂಟು.

"ಬಾಯಿಲೆ ಹೇಳಿ ಕಳಿಸಿದ್ರ ಈ ಕಾಲದಾಗ ಯಾರು ನಂಬ್ತಾರ್ರಿ?" ಮಾವನವರು ಮುಂದುವರಿಸಿದರು. "ಒಳಗಿನ ಹೆಣ್ಮಕ್ಕಳಿಗೂ ಹೇಳಲಿಲ್ಲ. ನಮ್ಮ ಅಳಿಯಾರು ಕಲ್ತಾವ್ರು. ಅವ್ರ ಕೈಲೆ ಚಿತ್ರ ತಗಸಿ, ನಿಮ್ಮ ಊರಾಗ ಇಡಿಸಿದೆ. ಇಂಥಾ ಕಣ್ಣೀರು ನಿಮ್ಮಂಥಾ ದೊಡ್ಡ ಮನಸಿನವ್ರ ಹತ್ರ ಬಿಟ್ರ ಎಲ್ಲಿ ಸಿಗಬೇಕ್ರಿ?"

ಹುಸೇನಪ್ಪನವರು ಅನುಮಾನದಿಂದ ನನ್ನತ್ತ ತಿರುಗಿದರು.

"ಖರೇನ್ರೀ ಸರ?"

ಕಳೆದ ವರ್ಷವಷ್ಟೇ ಕಾಲೇಜಿನ ಸಂಚಿಕೆಯಲ್ಲಿ ಮೂಢನಂಬಿಕೆಗಳನ್ನು ಖಂಡತುಂಡವಾಗಿ ಖಂಡಿಸಿದ ಲೇಖನ ನನ್ನದು! ಅಮರಮ್ಮ ನನ್ನನ್ನೇ ನೋಡುತ್ತಿದ್ದಳು. ವೈಚಾರಿಕತೆ ನನ್ನೊಳಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಖರೇ ರೀ."

"ಎಲ್ಲಿ ಮುಟ್ಟಿತು?"

"ರಾಯಚೂರಾಗ, ನಮ್ಮ ಅಂಗಳದಾಗ್ರಿ."

"ಕಾಲಿಲೆನೋ, ರೆಕ್ಕಿಲೆನೋ?"

"ಎರಡರಿಂದನೂ ರೀ."

"ಹೋಗೂ ಮುಂದ ಯಾವ ದಿಕ್ಕಿಗೆ ಹಾರಿತು?"

"ತೆಂಕಣ... ದಕ್ಷಿಣಕ್ಕ್ರಿ."

"ಅಯ್ಯೋ, ಯಮನ ದಿಕ್ಕು!" ಗೋಪಮ್ಮ ಎದೆ ಹಿಡಿದುಕೊಂಡರು.

"ನಾನೂ ನೋಡೀನಿ ಸಾಬ್!" ವಲಿ ಪಾಷಾ ತಾನಾಗಿಯೇ ಮುಂದೆ ಬಂದ. "ಇಷ್ಟು ದೊಡ್ಡದಿತ್ತು, ಖುದಾ ಕಸಂ!" ಅಂದಿನವರೆಗೆ ಆ ತಿಂಗಳು ಅವನು ಮಾನ್ವಿ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ, ಆದರೂ ಅವನು ಎರಡೂ ಕೈ ಚಾಚಿ ತೋರಿಸಿದ್ದು ಹೆಚ್ಚುಕಡಿಮೆ ರಣಹದ್ದಿನ ಗಾತ್ರ.

ಹುಸೇನಪ್ಪನವರ ಮುಖ ನಿಧಾನವಾಗಿ ಅರಳಿತು. "ಅಂದ್ರ... ನಮ್ಮ ಕಣ್ಣೀರಿಲೆ ಬೀಗ್ರ ಕಂಟಕ ಕಳೀತು!"

"ನಾ ಅತ್ತಷ್ಟು ಯಾರೂ ಅತ್ತಿಲ್ಲ" ಎಂದರು ಗೋಪಮ್ಮ ಕೂಡಲೇ. "ಸಿರವಾರ ದಾಟೂದ್ರಾಗ ನನ್ನ ಸೆರಗು ಹಿಂಡಿದ್ರ ನೀರು ಬರತಿತ್ತು!"

"ನಾವೂ ಟ್ರ್ಯಾಕ್ಟರ್ ತುಂಬಾ ಅತ್ತೀವ್ರಿ!" ಎಂದಿತು ಗ್ಯಾಂಗು, ಪಾಲು ತಪ್ಪೀತೆಂದು.

ಮಾವನವರು ಎಲ್ಲರಿಗೂ ಕೈಮುಗಿದರು. ಹುಸೇನಪ್ಪನವರು ಅವರನ್ನು ತಬ್ಬಿ, "ಸೋಮವಾರ ಅಂದ್ರ ಸೋಮವಾರನ! ಇಂಥಾ ಗಟ್ಟಿ ಆಯುಷ್ಯದ ಬೀಗರು ನಮಗ ಎಲ್ಲಿ ಸಿಗಬೇಕು?" ಎಂದು ಸಾರಿದರು. ಬುತ್ತಿಯ ಗಂಟುಗಳು ಅಲ್ಲಿಯೇ ಬಿಚ್ಚಿಕೊಂಡವು. ಸತ್ತವರೂ ಅತ್ತವರೂ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಮುರಿದರು. ಒಳಗಿನಿಂದ ಶೇಖಮ್ಮ ಚಟ್ನಿ ತಂದು ನನ್ನ ಎಲೆಗೆ ಬಡಿಸುತ್ತ ಮೆಲ್ಲಗೆ ಹೇಳಿದಳು: "ಭಾವಾರ, ಕೈಮುಗೀತೀನಿ. ನನ್ನ ಮದುವ್ಯಾಗ ಮಾತ್ರ ಯಾರ ಚಿತ್ರನೂ ತಗೀಬ್ಯಾಡ್ರಿ."

ಕೈತೊಳೆಯುವಾಗ ಅಮರಮ್ಮ ನೀರು ಹಾಕಿದಳು.

"ಒಂದು ಮಾತು ತಿಳೀರಿ. ನಮ್ಮಪ್ಪನ ತಲಿಗೆ ಕಾಗಿ ಮುಟ್ಟಿಲ್ಲ."

"ನನಗ್ಗೊತ್ತಿಲ್ಲೇನು?"

"ನೀವು ಮುಟ್ಟೀರಿ."

ಮದುವೆ ಸಾಂಗವಾಗಿ ನಡೆಯಿತು. ಚಿತ್ರವನ್ನು ಮಾವನವರೇ ಕೇಳಿ ಪಡೆದು, ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದರು: "ಮುಂದ ಹ್ಯಾಂಗೂ ಬೇಕಾಗ್ತದ, ಇರಲಿ." ನಾನು ಕುಂಚಗಳನ್ನು ತೊಳೆದಿಟ್ಟೆ. ನನ್ನ ಕಲಾಜೀವನ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಕೀರ್ತಿಯೆಂಬುದು ಕಲಾವಿದನ ಅನುಮತಿ ಕೇಳಿ ಹರಡುವುದಿಲ್ಲವಲ್ಲ!

ಆ ಮಳೆಗಾಲದಲ್ಲಿ ಒಂದು ಮುಂಜಾನೆ ದೇವಸುಗೂರಿನಿಂದ ಮಲ್ಲಯ್ಯನೆಂಬ ಅಪರಿಚಿತ ಗೃಹಸ್ಥರು ಮನೆ ಹುಡುಕಿಕೊಂಡು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತು ಕೇಳಿದರು:

"ಕಾಗಿ ಮುಟ್ಟಿದ್ದಕ್ಕ ಚಿತ್ರ ತಗಿಯೂ ಸರ ನೀವೇ ಏನ್ರೀ? ನಮ್ಮಣ್ಣಗ ನಿನ್ನೆ ಹೊಳಿದಂಡ್ಯಾಗ ಮುಟ್ಟ್ಯಾದ."

ನಾನು ಎದ್ದು ನಿಂತೆ. ವಿಜ್ಞಾನವನ್ನು ಕುರಿತು, ಕಲೆಯ ಸ್ವಾಯತ್ತತೆಯನ್ನು ಕುರಿತು ಉಪನ್ಯಾಸವೊಂದು ಗಂಟಲಿನವರೆಗೆ ಬಂದಿತು. ಅಷ್ಟರಲ್ಲಿ ಅಮರಮ್ಮ, "ಕುಂದರ್ರಿ ಅಣ್ಣಾರ, ಚಹಾ ತರ್ತೀನಿ" ಎಂದುಬಿಟ್ಟಳು. ನಿಜ ಹೇಳಲೇ? ನನ್ನ ಚಿತ್ರವನ್ನು ಬೇಕೆಂದು ಕೇಳಿಕೊಂಡು ಬಂದ ಮೊದಲ ಮನುಷ್ಯ ಆತ! ಯಾವ ಕಲಾವಿದನ ಹೃದಯ ಕರಗದೆ ಇದ್ದೀತು?

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಅಡ್ಡಾದಿಡ್ಡಿ ಮಾಡುವ ಜಾಯಮಾನ ನನ್ನದಲ್ಲ. ಅವರಣ್ಣನನ್ನು ಕರೆಸಿ ಗೋಡೆಗೊರಗಿಸಿ ಕೂಡಿಸಿದೆ. ಹೊಸ ಬಣ್ಣ ತರಿಸಿದೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಿನ ಉಬ್ಬು, ಕೊರಳಿನ ನರ, ಮೂಗಿನ ಹೊಳ್ಳೆಯ ನೆರಳು, ಒಂದೊಂದನ್ನೂ ತಿದ್ದಿ ತೀಡಿ ಬರೆದೆ. ಮುಗಿದಾಗ ನನ್ನ ಕೈಯನ್ನು ನಾನೇ ನಂಬಲಾರದೆ ಹೋದೆ. ಇಷ್ಟು ದಿನದ ಪ್ರಯೋಗಗಳಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ನನ್ನ ಕ್ಯಾನ್ವಾಸಿನ ಮೇಲೆ ಬಂದು ಕುಳಿತಿದ್ದ!

ಮಲ್ಲಯ್ಯನವರು ಊರಿನ ಹಿರಿಯರನ್ನು ಕರೆದುಕೊಂಡು ಬಂದರು. ಎಲ್ಲರೂ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹತ್ತಿರ ಹೋದರು, ದೂರ ಸರಿದರು, ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಮಲ್ಲಯ್ಯನವರು ತಲೆ ಕೆರೆದುಕೊಳ್ಳುತ್ತ ಹೇಳಿದರು:

"ಸರ, ತಪ್ಪು ತಿಳೀಬ್ಯಾಡ್ರಿ. ಚಿತ್ರ ಭಾಳ ಛಲೋ ಅದ. ಆದ್ರ ಇವ ಉಸಿರಾಡಾಕತ್ತಾನಲ್ರೀ! ಈಗ ಎದ್ದು ಚಹಾ ಕೇಳ್ತಾನ ಅನ್ನಂಗ ಅದ. ಇದನ್ನ ನೋಡಿದ್ರ ನಂಟರಿಗೆ ಅಳು ಹ್ಯಾಂಗ ಬರಬೇಕ್ರಿ? ನಮಗ ಇದು ಬ್ಯಾಡ್ರಿ."

ಭೂಮಂಡಲದ ಯಾವ ವಿಮರ್ಶಕನೂ ನನಗೆ ಇಷ್ಟು ದೊಡ್ಡ ಮನ್ನಣೆ ಕೊಟ್ಟಿರಲಿಲ್ಲ. ಮತ್ತು ಅದೇ ಉಸಿರಿನಲ್ಲಿ ಚಿತ್ರವನ್ನು ನನ್ನ ಕೈಗೇ ತಿರುಗಿ ಕೊಟ್ಟಿರಲಿಲ್ಲ! ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಾಗ, ಅಡಿಗೆಮನೆಯ ಬಾಗಿಲಿನಿಂದ ಅಮರಮ್ಮ ಅತಿಥಿಗಳಿಗೆ ಧೈರ್ಯ ಹೇಳಿದಳು:

"ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ನಮ್ಮ ಮನಿಯವ್ರು ಇನ್ನೊಂದು ಸಲ ಕೈ ಆಡಸ್ಲಿ ತಡೀರಿ. ಪೂರಾ ಸಾಯ್ತಾನ."